ಹಗಲು ಪಾಳಿಯ ರೇವ್ ಪಾರ್ಟಿ

ಇಡೀ ಭೂಮಂಡಲದಲ್ಲಿ ಇದುವರೆಗೆ ನಡೆದ ರೇವ್ ಪಾರ್ಟಿಗಳಲ್ಲೆಲ್ಲ ಅತಿ ಭಯಂಕರವಾದದ್ದು ಗೋವಾದ ಕಡಲ ದಂಡೆಯಲ್ಲಿ ನಡೆಯಲಿಲ್ಲ, ಬೆಂಗಳೂರಿನ ಹೊರವಲಯದ ಫಾರ್ಮ್ ಹೌಸುಗಳಲ್ಲೂ ನಡೆಯಲಿಲ್ಲ. ಅದು ನಡೆದದ್ದು ಶಿವಮೊಗ್ಗದ ವಿದ್ಯಾನಗರದಲ್ಲಿ, ಷಣ್ಮುಖಪ್ಪನ ಮನೆಯ ಮಹಡಿ ಮೇಲಿನ ತಗಡಿನ ಕೋಣೆಯಲ್ಲಿ, ಮಟಮಟ ಮಧ್ಯಾಹ್ನ, ಎಲ್ಲರೂ ಮುದ್ದೆ ಉಂಡಾದ ಮೇಲೆ. ಪಾರ್ಟಿಗೆ ಬಂದವರಲ್ಲಿ ಅತ್ಯಂತ ಎಳೆಯನಿಗೆ ಐವತ್ತೆಂಟು ತುಂಬಿತ್ತು. ಅವನಿಗೂ ಸಕ್ಕರೆ ಕಾಯಿಲೆ. ಇಂಥ ಕೂಟವನ್ನು ಹಿಡಿಯಲು ನಮ್ಮ ಪೊಲೀಸರು ಹೂಡಿದ ಪತ್ತೇದಾರಿಯ ಮುಂದೆ ಲಂಡನ್ನಿನ ಪತ್ತೇದಾರರು ಕುರಿ ಕಾಯಲಿಕ್ಕೂ ಲಾಯಕ್ಕಲ್ಲ ಎಂದರೆ ಅದರಲ್ಲಿ ಉತ್ಪ್ರೇಕ್ಷೆಯೇನಿಲ್ಲ, ಇದ್ದರೂ ತೀರಾ ಕಡಿಮೆ.

ಷಣ್ಮುಖಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ರೋಲಿಂಗ್ ಮಿಲ್ಲಿನಲ್ಲಿ ಕ್ರೇನ್ ಓಡಿಸುತ್ತಿದ್ದವನು. ಅವನು ಜೀವಮಾನದಲ್ಲಿ ಎತ್ತಿಳಿಸಿದ ಕಬ್ಬಿಣವನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರೆ ಕೊಡಚಾದ್ರಿ ನಾಚಿಕೊಂಡು ಕುಕ್ಕರುಗಾಲಲ್ಲಿ ಕೂರುತ್ತಿತ್ತು. ಒಂದು ದಿನ ಮಿಲ್ಲು ನಿಂತಿತು. ಸ್ವಯಂ ನಿವೃತ್ತಿ ಎಂಬ ಅಂದವಾದ ಹೆಸರಿಟ್ಟು ಎಲ್ಲರನ್ನೂ ಮನೆಗೆ ಕಳಿಸಿದರು. ಷಣ್ಮುಖಪ್ಪ ಬಂದ ದುಡ್ಡಿನಲ್ಲಿ ವಿದ್ಯಾನಗರದಲ್ಲಿ ಮನೆ ಕಟ್ಟಿಸಿ, ಗೃಹಪ್ರವೇಶದ ದಿನವೇ ಬೀದಿಯವರ ಮುಂದೆ ಘೋಷಿಸಿದ:

"ಅವರೇನ್ರೀ ನನ್ನ ಕಳ್ಸೋದು? ಆ ಕಾರ್ಖಾನೆಗೆ ನಾನೇ ಕಾಲಲ್ಲಿ ಒದ್ದು ಬಂದೆ. ಆ ದರಿದ್ರ ಮಿಲ್ಲಿನ ಹೆಸರು ನನ್ನೆದುರಿಗೆ ಎತ್ಬೇಡಿ. ಕೇಳಿದ್ರೆ ಮೈಯೆಲ್ಲಾ ಉರಿಯುತ್ತೆ."

ಒಳಗೆ ಹೋಳಿಗೆ ಬಡಿಸುತ್ತಿದ್ದ ಹೆಂಡತಿ ಉಮಾಮಹೇಶ್ವರಿ ಕೆಮ್ಮಿದಳು. ಮಿಲ್ಲಿನ ಕೊನೆಯ ದಿನ ಈ ಒದ್ದು ಬಂದ ವೀರ ಕ್ರೇನಿನ ಗೂಡಿನಿಂದ ಕೆಳಗಿಳಿಯಲು ಒಪ್ಪದೆ, ಅಧಿಕಾರಿಗಳು ಜೀಪು ಕಳಿಸಿ ಅವಳನ್ನೇ ಕರೆಸಿ, ಅವಳು ಕೆಳಗೆ ನಿಂತು "ರೀ, ಬನ್ನಿ, ಅನ್ನ ಆರ್ತಾ ಇದೆ" ಎಂದು ಕೂಗಿ ಇಳಿಸಿದ್ದು ಅವಳಿಗೆ ಮರೆತಿರಲಿಲ್ಲ. ಆದರೆ ಗಂಡನ ಮಾನದ ಪ್ರಶ್ನೆ ಬಂದಾಗ ಉಮಾಮಹೇಶ್ವರಿ ಕೆಮ್ಮುವುದಕ್ಕಿಂತ ಮುಂದೆ ಹೋಗುವವಳಲ್ಲ.

ವಿದ್ಯಾನಗರದಲ್ಲಿ ಎಲ್ಲ ಅನುಕೂಲವೂ ಇತ್ತು, ಸದ್ದೊಂದನ್ನು ಬಿಟ್ಟು. ಅಲ್ಲಿಯ ನಾಯಿಗಳು ಸಹ ಅಪ್ಪಣೆ ಕೇಳಿ ಬೊಗಳುವಂಥವು. ಮೂವತ್ತು ಚಿಲ್ಲರೆ ವರ್ಷ ಮಿಲ್ಲಿನ ಗುಡುಗಿನ ಕೆಳಗೆ ಕಣ್ಣು ಮುಚ್ಚಿದವನಿಗೆ ಈ ನಿಶ್ಶಬ್ದ ಕಿವಿಗೆ ಮುಳ್ಳಾಯಿತು. ನಿದ್ದೆ ಬರಲೊಲ್ಲದು. ಅಕ್ಕಿ ಹಾಕದೆಯೇ ಗ್ರೈಂಡರ್ ತಿರುಗಿಸಿ ಅದರ ಪಕ್ಕ ಚಾಪೆ ಹಾಸಿಕೊಂಡು ಮಲಗಿದ. ಉಮಾಮಹೇಶ್ವರಿ ಪ್ಲಗ್ಗು ಕಿತ್ತಳು.

"ಗ್ರೈಂಡರ್ ತಬ್ಕೊಂಡು ಮಲಗೋ ಗಂಡಸ್ರನ್ನ ನಮ್ಮ ಕಡೆ ಯಾರೂ ನೋಡಿಲ್ಲ ಮಾರಾಯ್ರೆ."

"ನೀನು ನೋಡಿದ್ಯಲ್ಲ, ಸಾಕು ಬಿಡು."

ಅವನ ಕಷ್ಟ ಇಷ್ಟೇ ಆಗಿದ್ದರೆ ಪೊಲೀಸರ ತನಕ ಸಂಗತಿ ಹೋಗುತ್ತಿರಲಿಲ್ಲ. ಹೋದದ್ದು ಹಿರಿಯಣ್ಣನಿಂದ.

ಹಿರಿಯಣ್ಣ ಅವನ ಜೀವದ ಗೆಳೆಯ. ಮಿಲ್ಲಿನಲ್ಲಿ ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು, ಅದನ್ನು ಒತ್ತಿ ಉದ್ದ ಮಾಡುವ ರೋಲುಗಳ ಬಾಯಿಗೆ ಕೊಡುತ್ತಿದ್ದವನು. ಅವನಿನ್ನೂ ಭದ್ರಾವತಿಯ ಹಳೆಯ ಕ್ವಾರ್ಟರ್ಸಿನಲ್ಲೇ ಇದ್ದ. ಷಣ್ಮುಖಪ್ಪ ಅವನನ್ನು ನೋಡಲು ಹೋದಾಗ ಮಂಚದ ಮೇಲೆ ಹಿರಿಯಣ್ಣನ ಬದಲು ಹಿರಿಯಣ್ಣನ ಅಂಗಿ ಮಲಗಿದಂತೆ ಕಂಡಿತು. ಮಿಲ್ಲು ನಿಂತಾಗಿನಿಂದ ಅವನಿಗೆ ಸರಿಯಾಗಿ ನಿದ್ದೆಯೇ ಇಲ್ಲ. ಎದೆ ಸೋತಿತ್ತು.

ಅವನ ಹೆಂಡತಿ ದುರ್ಗಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಡಾಕ್ಟ್ರು ಹೇಳ್ಬಿಟ್ರು ಷಣ್ಮುಖಣ್ಣ. ನಿದ್ದೆ ಬಂದ್ರೆ ಜೀವ ಉಳಿಯುತ್ತೆ, ಇಲ್ಲಾಂದ್ರೆ ಇಲ್ಲ, ನನ್ ಹತ್ರ ಇರೋ ಮಾತ್ರೆ ಎಲ್ಲಾ ಮುಗೀತು ಅಂತ. ಒಂದೇ ಒಂದ್ಸಲ ಮಲ್ಗಿದ್ರು. ಮೊನ್ನೆ ಪಕ್ಕದ್ಮನೇಲಿ ಬೀಳ್ಕೊಡುಗೆ ಕ್ಯಾಸೆಟ್ ಹಾಕಿದ್ರು ನೋಡಿ, ಆವಾಗ."

ಈ ಬೀಳ್ಕೊಡುಗೆಯ ಕ್ಯಾಸೆಟ್ಟಿನ ಮಹಿಮೆಯನ್ನು ಇಲ್ಲಿ ಹೇಳಲೇಬೇಕು. ಕೊನೆಯ ದಿನ ಮಿಲ್ಲಿನ ಒಳಗೇ ಶಾಮಿಯಾನ ಹಾಕಿ ಸಮಾರಂಭ ಮಾಡಿದ್ದರು. ಕೊನೆಯ ಬಿಸಿ ಕಬ್ಬಿಣವಿನ್ನೂ ರೋಲಿನಲ್ಲಿ ಓಡುತ್ತಿತ್ತು. ಮದುವೆಗಳಿಗೆ ಹೋಗುವ ವಿಡಿಯೋದವನು ಬಂದು ಎಲ್ಲವನ್ನೂ ಹಿಡಿದ. ಅಧಿಕಾರಿಗಳು ಕಾರ್ಮಿಕರನ್ನು ಕುರಿತು ಕಲ್ಲು ಕರಗುವಂತೆ ಮಾತಾಡಿದರಂತೆ. ಕ್ಯಾಸೆಟ್ಟಿನಲ್ಲಿ ಅವರ ಬಾಯಿ ಆಡುವುದು ಮಾತ್ರ ಕಾಣುತ್ತದೆ, ಕೇಳುವುದೆಲ್ಲ ಮಿಲ್ಲು. ಢಂ, ಢಂ, ಢಕ್ಕ ಢಂ. ಮೂರು ಗಂಟೆ ಕಾಲ. ವಿಡಿಯೋದವನಿಗೆ ಆಗ ಬಿದ್ದ ಬೈಗುಳ ಎಷ್ಟೆಂದರೆ ಅವನು ಮದುವೆಗಳನ್ನೂ ಬಿಟ್ಟು ಕೋಳಿ ಸಾಕಲು ಹೋದ. ಆ ಪಾಪದ ಮನುಷ್ಯನಿಗೆ ಕೈ ಮುಗಿಯುವ ಕಾಲ ಈಗ ಬಂತು. ಉಳಿದಿದ್ದ ಒಂದೇ ಒಂದು ಪ್ರತಿಯನ್ನು ಷಣ್ಮುಖಪ್ಪ ಆ ಪಕ್ಕದ ಮನೆಯವರಿಂದ ಕೇಳಿ ಪಡೆದ.

ಕ್ವಾರ್ಟರ್ಸಿನಲ್ಲಿ ಜೋರಾಗಿ ಹಾಕಿದರೆ ಮೇಲಿನ ಹೆಂಚು ಜಾರುತ್ತಿದ್ದವು. ಆದ್ದರಿಂದ ಷಣ್ಮುಖಪ್ಪ ತನ್ನ ಮಹಡಿಯ ತಗಡಿನ ಕೋಣೆಯನ್ನು ಸಿದ್ಧ ಮಾಡಿದ. ಟ್ಯೂಷನ್ನಿನವರಿಗೆ ಬಾಡಿಗೆ ಕೊಡಲೆಂದು ಕಟ್ಟಿಸಿ, ಯಾರೂ ಬಾರದೆ ಖಾಲಿ ಬಿದ್ದ ಕೋಣೆ ಅದು. ವಿಡಿಯೋ ಪ್ಲೇಯರಿಗೆ ಶಾಮಿಯಾನದವನ ಹತ್ತಿರವಿದ್ದ ಆಳೆತ್ತರದ ಸ್ಪೀಕರುಗಳನ್ನು ಜೋಡಿಸಿದ. ಕಿಟಕಿಗಳಿಗೆ ಕಪ್ಪು ಟಾರ್ಪಾಲು ಹೊಡೆದ. ಕೆಂಪು ಬೆಳಕು ಕಣ್ಣ ರೆಪ್ಪೆಯ ಮೇಲೆ ಬೀಳದಿದ್ದರೆ ತನಗೆ ಕುಲುಮೆ ಆರಿದಂತೆ ದಿಗಿಲಾಗುತ್ತದೆ ಎಂದು ಹಿರಿಯಣ್ಣ ಹೇಳಿದ್ದರಿಂದ ಕೆಂಪು ಬಲ್ಬೊಂದನ್ನು ತೂಗಿಬಿಟ್ಟ. ಕ್ಯಾಸೆಟ್ ತಿರುಗಿತು. ಭದ್ರಾವತಿಯಿಂದ ಬಸ್ಸಿನಲ್ಲಿ ಕರೆತಂದಿದ್ದ ಹಿರಿಯಣ್ಣ ಚಾಪೆಯ ಮೇಲೆ ಮಗ್ಗುಲಾದ. ಎರಡನೆಯ ಭಾಷಣಕಾರ ಬಾಯಿ ತೆರೆಯುವಷ್ಟರಲ್ಲಿ ಗೊರಕೆ ಹೊಡೆದ.

ಸುದ್ದಿ ಭದ್ರಾವತಿಯಲ್ಲಿ ಹಬ್ಬಿತು. ನಿದ್ದೆಗೆಟ್ಟವನು ಹಿರಿಯಣ್ಣನೊಬ್ಬನೇ ಆಗಿರಲಿಲ್ಲ ನೋಡಿ. ಮಾರನೆಯ ವಾರದಿಂದ ಮಿಲ್ಲಿನ ಹಳಬರೆಲ್ಲ ಮಧ್ಯಾಹ್ನದ ಬಸ್ಸು ಹಿಡಿದು, ಕಂಕುಳಲ್ಲಿ ಚಾಪೆ ಸುತ್ತಿಕೊಂಡು, ವಿದ್ಯಾನಗರಕ್ಕೆ ಬರತೊಡಗಿದರು. ಕಾದ ಕಬ್ಬಿಣದ ಮುಂದೆ ಬೆವರುವವರಿಗೆ ಕಾರ್ಖಾನೆ ಪಾಳಿಯ ಆರಂಭದಲ್ಲಿ ಉಪ್ಪಿನ ಗುಳಿಗೆ ಕೊಡುತ್ತಿತ್ತು. ಆ ಅಭ್ಯಾಸ ಬಿಡಲಾರದೆ ಹಾಟ್ ಸಾ ಮೇಲಿದ್ದ, ಎಂದರೆ ಬಿಸಿ ಕಬ್ಬಿಣ ಕೊಯ್ಯುವ ಗರಗಸ ನೋಡಿಕೊಳ್ಳುತ್ತಿದ್ದ ಆರ್ಮುಗಂ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಅಂಗೈಗೆ ಒಂದೊಂದು ಬಿಳಿ ಗುಳಿಗೆ ಹಾಕುತ್ತಿದ್ದ. ಅವರು ನುಂಗಿ ಒಳಗೆ ಹೋಗುತ್ತಿದ್ದರು. ಸಂಜೆಗೆ ಕಣ್ಣು ಊದಿಸಿಕೊಂಡು, ಸ್ವರ್ಗ ಕಂಡವರಂತೆ ನಗುತ್ತ, ತೂರಾಡಿಕೊಂಡು ಕೆಳಗಿಳಿಯುತ್ತಿದ್ದರು.

ಇದನ್ನೆಲ್ಲ ಎದುರು ಮನೆಯ ವಿಶ್ವಾರಾಧ್ಯರು ನೋಡುತ್ತಿದ್ದರು. ನಿವೃತ್ತ ಲೆಕ್ಚರರ್, ಪತ್ರಿಕೆಯ ಮೊದಲ ಅಕ್ಷರದಿಂದ ಮುದ್ರಕರ ವಿಳಾಸದವರೆಗೆ ಓದುವವರು. ಒಂದು ದಿನ ಗೇಟಿನ ಬಳಿ ತಡೆದು ಕೇಳಿಯೇ ಬಿಟ್ಟರು.

"ಷಣ್ಮುಖಪ್ಪೋರೆ, ಮೇಲ್ಗಡೆ ಅದೇನ್ರೀ ಸದ್ದು? ನಮ್ಮನೆ ಶೋಕೇಸಿನ ಗೊಂಬೆಗಳೆಲ್ಲ ಕುಣೀತಾವೆ."

ಈಗ ನಿಜ ಹೇಳುವುದೆಂದರೆ ಏನು ಹೇಳಬೇಕು? ಒದ್ದು ಬಂದ ಮಿಲ್ಲಿನ ಸದ್ದು ಕೇಳದೆ ನನಗೆ ನಿದ್ದೆ ಬರುವುದಿಲ್ಲ ಅಂತಲೇ? ಷಣ್ಮುಖಪ್ಪ ಎದೆಯುಬ್ಬಿಸಿದ.

"ಸಂಗೀತ ಸ್ವಾಮಿ. ಈಗಿನ ಕಾಲದ್ದು. ಪಾರ್ಟಿ ಅಂತಾರೆ. ಬೆಂಗ್ಳೂರಲ್ಲಾದ್ರೆ ಪಾಸ್ ಇಲ್ದೆ ಒಳಗೇ ಬಿಡಲ್ಲ."

"ಈ ವಯಸ್ಸಿನಲ್ಲಿ?"

"ವಯಸ್ಸು ಮೈಗೆ ಸ್ವಾಮಿ. ಮನಸ್ಸಿಗಲ್ಲ."

ಈ ಉತ್ತರ ತನ್ನದೇ ಕಿವಿಗೆ ಎಷ್ಟು ಹಿತವಾಯಿತೆಂದರೆ ಮನೆಯೊಳಗೆ ಹೋಗಿ ಹೆಂಡತಿಗೂ ಹೇಳಿದ. ಅವಳು ಕೆಮ್ಮಿದಳು.

ದುರದೃಷ್ಟ ನೋಡಿ. ಮಾರನೆಯ ಬೆಳಿಗ್ಗೆಯೇ ಪತ್ರಿಕೆಯಲ್ಲಿ ಸುದ್ದಿ ಬಂತು. ಪರವಾನಗಿ ಇಲ್ಲದೆ ಜನ ಗುಂಪು ಸೇರಿ, ಒಂದೇ ಬಡಿತ ಮತ್ತೆ ಮತ್ತೆ ಬರುವ ಅಬ್ಬರದ ಸಂಗೀತಕ್ಕೆ ಮೈಮರೆಯುವ ರೇವ್ ಪಾರ್ಟಿಗಳನ್ನು ತಡೆಯಲು ಸರ್ಕಾರ ಹೊಸ ಕಾಯ್ದೆ ತರುವ ಯೋಚನೆಯಲ್ಲಿದೆ, ಅಲ್ಲಿಯವರೆಗೆ ಪೊಲೀಸರು ಎಲ್ಲೆಡೆ ಕಣ್ಣಿಡತಕ್ಕದ್ದು ಎಂದು. ಕತ್ತಲ ಕೋಣೆ, ಬಣ್ಣದ ದೀಪ, ಬಿಳಿ ಗುಳಿಗೆ, ತೂರಾಟ ಎಂದು ಲಕ್ಷಣಗಳನ್ನೂ ಕೊಟ್ಟಿದ್ದರು. ವಿಶ್ವಾರಾಧ್ಯರು ಒಂದೊಂದು ಲಕ್ಷಣ ಓದಿ ಒಂದೊಂದು ಸಲ ಎದುರು ಮಹಡಿಯನ್ನು ನೋಡಿದರು. ಆಮೇಲೆ ಕಾಫಿಯನ್ನೂ ಮುಗಿಸದೆ ಠಾಣೆಗೆ ಹೊರಟರು.

ಠಾಣೆಯ ಸಬ್ ಇನ್‌ಸ್ಪೆಕ್ಟರ್ ವಿಜಯಕುಮಾರ್ ಹೊಸಬ. ಮೀಸೆಗಿಂತ ಆಸೆ ದೊಡ್ಡದು. ಜಿಲ್ಲೆಯ ಮೊದಲ ರೇವ್ ಕೇಸು ತನ್ನ ಕೈಯಲ್ಲೇ ಆಗಬೇಕೆಂದು ಆ ಕ್ಷಣವೇ ತೀರ್ಮಾನಿಸಿದ.

"ಆದ್ರೆ ಸಾರ್, ಕಾನೂನಿನ್ನೂ ಬಂದಿಲ್ವಲ್ಲ?" ಎಂದ ಹೆಡ್ ಕಾನ್‌ಸ್ಟೇಬಲ್ ಜಯಪ್ಪ.

"ಬರೋಷ್ಟೊತ್ತಿಗೆ ಕೇಸು ರೆಡಿ ಇರ್ಬೇಕು ಕಣ್ರೀ. ಮದುವೆಗೆ ಮುಂಚೆ ಚಪ್ಪರ ಹಾಕಲ್ವಾ? ನೀವು ಮಫ್ತೀಲಿ ಹೋಗಿ ಅಲ್ಲೇ ಕೂತ್ಕೊಳ್ಳಿ."

ಜಯಪ್ಪ ಎಳನೀರು ಮಾರುವವನ ವೇಷದಲ್ಲಿ ವಿಶ್ವಾರಾಧ್ಯರ ಕಾಂಪೌಂಡಿಗೊರಗಿ ಕೂತ. ಲುಂಗಿ, ಹೆಗಲ ಮೇಲೆ ಟವೆಲು, ಕಾಲಲ್ಲಿ ಪಾಲಿಶ್ ಮಾಡಿದ ಕೆಂಪು ಪೊಲೀಸ್ ಬೂಟು. ಕತ್ತಿ ಹಿಡಿಯಲು ಬಾರದೆ ಮೊದಲ ಎಳನೀರಿಗೇ ಹೆಬ್ಬೆರಳು ಕೊಯ್ದುಕೊಂಡ. ಬೀದಿಗೆ ಬೀದಿಯೇ ಅವನಿಗೆ "ನಮಸ್ಕಾರ ಸಾರ್" ಎನ್ನುತ್ತ ಹಾದುಹೋಯಿತು. ಉಮಾಮಹೇಶ್ವರಿ ಬೆರಳಿಗೆ ಅರಿಸಿನ ಹಚ್ಚಿ, ಬಟ್ಟೆ ಸುತ್ತಿ, ಎಳನೀರನ್ನು ತಾನೇ ಕೆತ್ತಿಕೊಟ್ಟಳು.

"ಯಾರನ್ನ ಕಾಯ್ತಿದೀರಪ್ಪ?"

"ಅದು ಗುಟ್ಟು ಅಕ್ಕಾ. ನಿಮ್ಮೆಜಮಾನ್ರನ್ನ."

"ಅಯ್ಯೋ, ನಾನೂ ಅದ್ನೇ ಮಾಡ್ತಿರೋದು, ಮದುವೆಯಾದಾಗಿಂದ."

ಗುರುವಾರ ಮಧ್ಯಾಹ್ನ ಮೂರರ ಹೊತ್ತಿಗೆ ವಿಜಯಕುಮಾರ್ ದಂಡೆತ್ತಿ ಬಂದ. ಜೀಪು, ವ್ಯಾನು, ಲಾಠಿ. ನಾಯಿ ತರಲು ದಾವಣಗೆರೆಗೆ ಫೋನು ಹೋಗಿತ್ತೆಂದೂ ನಾಯಿ ರಜೆಯಲ್ಲಿತ್ತೆಂದೂ ಹೇಳುತ್ತಾರೆ. ಪಂಚನಾಮೆಗೆ ಸಾಕ್ಷಿಯಾಗಿ ವಿಶ್ವಾರಾಧ್ಯರು ಹಿಂದೆ ಹಿಂದೆ. ಬಾಗಿಲು ಒದ್ದು ಒಳನುಗ್ಗಿದ ವಿಜಯಕುಮಾರ್ ಗರ್ಜಿಸಿದ:

"ಯಾರೂ ಅಲ್ಲಾಡ್ಬೇಡಿ!"

ಯಾರೂ ಅಲ್ಲಾಡುತ್ತಿರಲಿಲ್ಲ. ಕೆಂಪು ಬೆಳಕಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮುದುಕರು ಸಾಲಾಗಿ, ಬಾಯಿ ತೆರೆದು, ಹಾಯಾಗಿ ಮಲಗಿದ್ದರು. ಮಿಲ್ಲು ಗುಡುಗುತ್ತಿತ್ತು. ವಿಜಯಕುಮಾರ್ ಸೀಟಿ ಊದಿದ. ಜಯಪ್ಪ ಲಾಠಿಯಿಂದ ತಗಡು ಬಡಿದ. ಅದನ್ನು ಕೇಳಿ ಒಂದಿಬ್ಬರು ಇನ್ನೂ ಸುಖವಾಗಿ ಮಗ್ಗುಲು ಬದಲಿಸಿದರು. ಕೊನೆಗೆ ಯಾರೋ ಹೋಗಿ ಪ್ಲಗ್ಗು ಕಿತ್ತರು.

ಅಲ್ಲಿ ಆಯಿತು ನೋಡಿ ಎಡವಟ್ಟು. ಮಿಲ್ಲಿನ ಸದ್ದು ಪಾಳಿಯ ನಡುವೆ ಇದ್ದಕ್ಕಿದ್ದಂತೆ ನಿಂತಿತೆಂದರೆ ಅದಕ್ಕೆ ಅರ್ಥ ಒಂದೇ: ಯಾರದೋ ಕೈ ರೋಲಿಗೆ ಸಿಕ್ಕಿದೆ. ಅಷ್ಟೂ ಮುದುಕರು ಒಟ್ಟಿಗೆ ಧಡಕ್ಕನೆ ಎದ್ದರು. "ಯಾರು? ಯಾರದ್ದು?" ಎಂದು ಕೂಗುತ್ತ ಒಬ್ಬರ ಕೈ ಒಬ್ಬರು ಹಿಡಿದು ನೋಡುತ್ತ ಕೋಣೆಯ ತುಂಬ ಓಡಿದರು. ಆರ್ಮುಗಂ ವಿಜಯಕುಮಾರನ ಎರಡೂ ಕೈ ಎಳೆದುಕೊಂಡು ಬೆರಳು ಎಣಿಸಿದ.

"ಹತ್ತೂ ಇರ್ಕು ಸಾರ್. ಭಯ ಪಡ್ಬೇಡಿ. ಕೂತ್ಕೊಳ್ಳಿ, ನೀರ್ ಕುಡೀರಿ."

"ಏಯ್, ಇವ್ರಿಗೆ ಸಿಕ್ಕಾಪಟ್ಟೆ ಏರಿದೆ ಕಣ್ರೀ! ಎಲ್ರನ್ನೂ ವ್ಯಾನ್ ಹತ್ಸಿ!"

ಠಾಣೆಯಲ್ಲಿ ಬೆಂಚು ಸಾಲದೆ ಕೆಲವರು ಚಾಪೆ ಹಾಸಿ ಕೂತರು. ವಿಜಯಕುಮಾರ್ ಗುಳಿಗೆಯೊಂದನ್ನು ಜಯಪ್ಪನ ನಾಲಿಗೆಗೆ ಮುಟ್ಟಿಸಿದ.

"ಉಪ್ಪು ಸಾರ್."

"ಉಪ್ಪಾ? ಹೊಸ ನಮೂನೆ ಇರ್ಬೇಕು. ಲ್ಯಾಬಿಗೆ ಕಳ್ಸಿ." ಆಮೇಲೆ ಷಣ್ಮುಖಪ್ಪನ ಕಡೆ ತಿರುಗಿದ. "ನೋಡಿ ಯಜಮಾನ್ರೆ, ನೇರವಾಗಿ ಹೇಳಿ. ಆ ಕ್ಯಾಸೆಟ್ಟಲ್ಲಿರೋದು ಏನು? ಸಂಗೀತ ಅಲ್ದೆ ಬೇರೇನಾದ್ರೂ ಆಗಿದ್ರೆ ಈಗ್ಲೇ ಕೊಟ್ಟು ಕಳಿಸ್ತೀನಿ."

ಒಂದು ಮಾತು ಸಾಕಿತ್ತು. ಷಣ್ಮುಖಪ್ಪ ಬಾಯಿ ತೆರೆದ. ಎದುರಿಗೆ ವಿಶ್ವಾರಾಧ್ಯರು ಕನ್ನಡಕ ಏರಿಸಿ ಅವನನ್ನೇ ನೋಡುತ್ತಿದ್ದರು. ಅವರ ಹಿಂದೆ ಕಿಟಕಿಯಲ್ಲಿ ವಿದ್ಯಾನಗರದ ಅರ್ಧ ಬೀದಿ ನಿಂತಿತ್ತು.

"ಸಂಗೀತ," ಎಂದ ಷಣ್ಮುಖಪ್ಪ.

"ಇಲ್ಲೆ ಸಾರ್, ಅದು ನಮ್ ಮಿ..." ಎಂದು ಎದ್ದ ಆರ್ಮುಗಂನನ್ನು ಹಿರಿಯಣ್ಣ ತೊಡೆ ಚಿವುಟಿ ಕೂರಿಸಿದ. ಅವನಿಗೆ ಗೆಳೆಯನ ಮುಖ ಓದಲು ಕನ್ನಡಕ ಬೇಕಿರಲಿಲ್ಲ.

"ಹೌದು ಸಾರ್," ಎಂದ ಹಿರಿಯಣ್ಣ, ಒಣಗಿದ ತುಟಿ ನೆಕ್ಕಿಕೊಂಡು. "ಸಂಗೀತವೇ. ಷಣ್ಮುಖನಿಗೆ ಮೊದ್ಲಿಂದ್ಲೂ ಭಾರಿ ಅಭಿರುಚಿ."

ಪಂಚನಾಮೆಗೆ ವಿಶ್ವಾರಾಧ್ಯರ ಸಹಿ ಬಿತ್ತು. ಮುದುಕರನ್ನು ಎಚ್ಚರಿಕೆ ಕೊಟ್ಟು ಬಿಟ್ಟರು. ಕ್ಯಾಸೆಟ್ಟು ಠಾಣೆಯಲ್ಲೇ ಉಳಿಯಿತು.

ಆಮೇಲೆ ಷಣ್ಮುಖಪ್ಪನ ಕೀರ್ತಿ ತುಂಗೆಯ ಎರಡೂ ದಡಕ್ಕೆ ಹಬ್ಬಿತು. ಕಾಲೇಜಿನ ಹುಡುಗರು ಬೈಕು ನಿಲ್ಲಿಸಿ "ಅಂಕಲ್, ನೆಕ್ಸ್ಟ್ ಯಾವಾಗ?" ಎಂದು ಕೇಳಿದರು. ಹಾಲಿನವನು ಸ್ಟೀಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಕೊಟ್ಟ. ರವೀಂದ್ರನಗರದ ನೆಂಟರೊಬ್ಬರು ಮಗನನ್ನು ಇವನ ಮನೆಯ ದಿಕ್ಕಿಗೆ ತಲೆ ಹಾಕಿ ಮಲಗಬೇಡ ಎಂದು ಗದರಿಸಿದರಂತೆ. ಷಣ್ಮುಖಪ್ಪ ಸಂಜೆ ಮಡಿಚಿದ ಜರಿ ಪಂಚೆ ಉಟ್ಟು ಗೇಟಿನಲ್ಲಿ ನಿಲ್ಲತೊಡಗಿದ. ಆ ವೈಭವ ಭಾನುವಾರದವರೆಗೆ ನಡೆಯಿತು. ಸೋಮವಾರ ದುರ್ಗಮ್ಮನ ಫೋನು ಬಂತು.

"ಷಣ್ಮುಖಣ್ಣ, ಅವ್ರು ಅವತ್ತಿಂದ ಕಣ್ಣು ಮುಚ್ಚಿಲ್ಲ. ಊಟಾನೂ ಬಿಟ್ರು. ಆ ಕ್ಯಾಸೆಟ್ ಒಂದು ಕೊಡ್ಸಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಷಣ್ಮುಖಪ್ಪ ಠಾಣೆಗೆ ಓಡಿದ. ವಿಜಯಕುಮಾರ್ ಕುರ್ಚಿ ತೋರಿಸಿದ.

"ಸಂಗೀತದ ಕೂಟಕ್ಕೆ ಲೈಸೆನ್ಸ್ ಬೇಕು ಯಜಮಾನ್ರೆ. ಲೈಸೆನ್ಸ್ ತನ್ನಿ, ಕ್ಯಾಸೆಟ್ ತಗೊಂಡ್ಹೋಗಿ."

"ಕೊಡಿ ಸ್ವಾಮಿ ಲೈಸೆನ್ಸ್."

"ಹೆಂಗೆ ಕೊಡ್ಲಿ? ಕಾನೂನು ಬಂದ್ಮೇಲೆ ಲೈಸೆನ್ಸ್."

"ಕಾನೂನೇ ಇಲ್ಲ ಅಂದ್ಮೇಲೆ ತಪ್ಪೆಲ್ಲಿಂದ ಬಂತು?"

"ಅದನ್ನ ಕಾನೂನು ಬಂದಾಗ ನೋಡೋಣ."

ಭಾರತ ದೇಶದ ದೊಡ್ಡ ದೊಡ್ಡ ವಕೀಲರೆಲ್ಲ ಸೇರಿ ತಲೆಕೆಳಗಾಗಿ ನಿಂತರೂ ಈ ವಾದಕ್ಕೆ ಉತ್ತರ ಸಿಗದು. ಷಣ್ಮುಖಪ್ಪನ ಮುಖ ನೋಡಿ ವಿಜಯಕುಮಾರನಿಗೂ ಏನನಿಸಿತೋ, ದನಿ ತಗ್ಗಿಸಿದ. "ಅದು ಸಂಗೀತ ಅಲ್ಲ ಅಂತ ಬರೆದುಕೊಡಿ. ಆದ್ರೆ ಪಂಚರು ಒಪ್ಪಿ ಸಹಿ ಹಾಕ್ಬೇಕು."

ವಿಶ್ವಾರಾಧ್ಯರು ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದರು. ಷಣ್ಮುಖಪ್ಪ ಚಪ್ಪಲಿ ಬಿಟ್ಟು, ಮೆಟ್ಟಿಲ ಕೆಳಗೇ ನಿಂತ. ಬೀದಿಯಲ್ಲಿ ಸೊಪ್ಪಿನವಳಿದ್ದಳು, ಇಸ್ತ್ರಿಯವನಿದ್ದ, ಎಳನೀರಿನ ಜಯಪ್ಪನಂತೂ ಇದ್ದೇ ಇದ್ದ. ಎಲ್ಲರಿಗೂ ಕೇಳುವಂತೆಯೇ ಹೇಳಬೇಕಾಯಿತು, ಯಾಕೆಂದರೆ ಮಿಲ್ಲಿನವರಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ.

"ಸ್ವಾಮಿ, ಅದು ಸಂಗೀತ ಅಲ್ಲ. ನಮ್ಮ ಮಿಲ್ಲು. ನಾನು ಒದ್ದು ಬಂದೆ ಅಂದಿದ್ದು ಸುಳ್ಳು. ಅವತ್ತು ಕ್ರೇನಿಂದ ಇಳಿಯಕ್ಕಾಗ್ದೆ ಮೇಲೆ ಕೂತು ಅತ್ತೋನು ನಾನು. ನನ್ನ ಹೆಂಡ್ತಿ ಬಂದು ಇಳಿಸಿದ್ಲು. ಆ ಸದ್ದು ಕೇಳ್ದೆ ನಮಗ್ಯಾರಿಗೂ ನಿದ್ದೆ ಬರಲ್ಲ. ನನ್ನ ಸ್ನೇಹಿತ ಸಾಯ್ತಿದಾನೆ. ಒಂದು ಸಹಿ ಹಾಕಿ."

ವಿಶ್ವಾರಾಧ್ಯರು ಪತ್ರಿಕೆ ಇಳಿಸಿ ಅವನನ್ನು ನೋಡಿದರು. ಆಮೇಲೆ ನಕ್ಕರು.

"ಕೇಸಿಂದ ತಪ್ಪಿಸ್ಕೊಳ್ಳೋಕೆ ಎಂಥಾ ಕಥೆ ಕಟ್ಟಿದೀರಿ ಷಣ್ಮುಖಪ್ಪೋರೆ! ಕಾರ್ಖಾನೆ ಗಲಾಟೆ ಕೇಳಿ ನಿದ್ದೆ ಮಾಡೋರು ಯಾರಾದ್ರೂ ಉಂಟಾ? ನೀವೇ ಹೇಳಿದ್ರಿ, ಹೆಸರು ಕೇಳಿದ್ರೆ ಮೈ ಉರಿಯುತ್ತೆ ಅಂತ. ನಾನು ಮೂವತ್ತು ವರ್ಷ ಪಾಠ ಮಾಡಿದೋನು. ಸುಳ್ಳು ಸಾಕ್ಷಿ ಹೇಳೋನಲ್ಲ."

"ಉಮಾನ್ನ ಕೇಳಿ ಸ್ವಾಮಿ!"

ಉಮಾಮಹೇಶ್ವರಿ ಗೇಟಿನಲ್ಲೇ ನಿಂತಿದ್ದಳು. ಈ ಸಲ ಕೆಮ್ಮಲಿಲ್ಲ. "ನಿಜ ರೀ ಮೇಷ್ಟ್ರೆ. ಅಷ್ಟೂ ನಿಜ," ಎಂದಳು.

"ಹೆಂಡತಿಯ ಸಾಕ್ಷಿ ಗಂಡನಿಗೆ ಆಗಲ್ಲಮ್ಮ," ಎಂದು ವಿಶ್ವಾರಾಧ್ಯರು ಪತ್ರಿಕೆಯ ಪುಟ ತಿರುಗಿಸಿದರು.

ಠಾಣೆಗೆ ಮರಳಿ ಹೋದಾಗ ಅಲ್ಲಿಯ ಸುದ್ದಿ ಇನ್ನೂ ಚೆನ್ನಾಗಿತ್ತು. ಕ್ಯಾಸೆಟ್ಟಿನ ಸಂಗೀತ ಯಾವ ದೇಶದ್ದು, ಯಾವ ಗುಂಪಿನದು ಎಂದು ತಿಳಿಯಲು ಅದನ್ನು ಬೆಂಗಳೂರಿನ ತಜ್ಞರಿಗೆ ಕಳಿಸಿಯಾಗಿತ್ತು. ಮರಳಿ ಬರುವುದು ಯಾವಾಗ ಎಂಬ ಪ್ರಶ್ನೆಗೆ ವಿಜಯಕುಮಾರ್ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದ.

ಷಣ್ಮುಖಪ್ಪ ಬರಿಗೈಯಲ್ಲಿ ಭದ್ರಾವತಿಯ ಬಸ್ಸು ಹತ್ತಿದ. ಎರಡು ಸೀಟು ಹಿಂದೆ ಟವೆಲು ಮುಖಕ್ಕೆಳೆದುಕೊಂಡು ಜಯಪ್ಪನೂ ಹತ್ತಿದ. ಆರೋಪಿ ಹೋದಲ್ಲಿಗೆ ಹೋಗಬೇಕೆಂದು ಅಪ್ಪಣೆಯಾಗಿತ್ತು. ಬಸ್ಸು ತುಂಬಿ ಜಯಪ್ಪ ಎದ್ದು ನಿಲ್ಲಬೇಕಾದಾಗ ಷಣ್ಮುಖಪ್ಪ ಸರಿದು ಜಾಗ ಮಾಡಿದ.

"ಬನ್ನಿ, ಇಲ್ಲೇ ಕೂತ್ಕೊಂಡು ಹಿಂಬಾಲಿಸಿ. ಬೆರಳು ಹೆಂಗಿದೆ?"

"ಕೀವಾಗಿದೆ ಯಜಮಾನ್ರೆ," ಎಂದ ಜಯಪ್ಪ, ಕೂತು.

ಕ್ವಾರ್ಟರ್ಸಿನ ಮುಂದೆ ಮಿಲ್ಲಿನ ಹಳಬರೆಲ್ಲ ಸೇರಿದ್ದರು. ಯಾರ ಕಂಕುಳಲ್ಲೂ ಚಾಪೆಯಿರಲಿಲ್ಲ. ಒಳಗೆ ಹಿರಿಯಣ್ಣ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಆ ಕಣ್ಣುಗಳು ಮುಚ್ಚುವುದನ್ನೇ ಮರೆತಂತಿದ್ದವು.

"ತಂದ್ಯಾ?"

"ಇಲ್ಲ ಕಣೋ."

"ಹೋಗ್ಲಿ ಬಿಡು ಮಾರಾಯ. ಬಾ, ಕೂತ್ಕೋ."

ಷಣ್ಮುಖಪ್ಪ ಕೂರಲಿಲ್ಲ. ಹಿತ್ತಲಿಗೆ ಹೋದ. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಹಾರೆ ಒರಗಿತ್ತು, ಒಡೆದ ಕಬ್ಬಿಣದ ಬಾಣಲೆ ಬೋರಲು ಬಿದ್ದಿತ್ತು. ಹಾರೆ ಎತ್ತಿ ಬಾಣಲೆಗೆ ಬಡಿದ. ಢಂ. ಇನ್ನೊಂದು. ಢಂ. ಗಾಬರಿಯಿಂದ ಓಡಿಬಂದವರು ಅವನ ಮುಖ ನೋಡಿ ನಿಂತರು. ಅವನು ಕಣ್ಣಲ್ಲಿ ನೀರು ಸುರಿಸುತ್ತ ಸಿಟ್ಟಿನಿಂದ ಕಿರುಚಿದ:

"ಏನ್ ನೋಡ್ತಿದೀರಿ? ನಿಮ್ ನಿಮ್ ಜಾಗ ಮರ್ತೋಯ್ತಾ?"

ಯಾರಿಗೂ ಮರೆತಿರಲಿಲ್ಲ. ಒಬ್ಬ ನೀರಿನ ಡ್ರಮ್ಮನ್ನು ಬೋರಲು ಹಾಕಿ ಎರಡನೆಯ ರೋಲಾದ. ಇನ್ನೊಬ್ಬ ಸೈಕಲ್ಲಿನ ಚೈನನ್ನು ಗೇಟಿಗೆ ಎಳೆದೆಳೆದು ಬಿಸಿ ಕಬ್ಬಿಣ ಸಾಗಿಸುವ ರೋಲರ್ ಟೇಬಲ್ಲಾದ. ದುರ್ಗಮ್ಮನ ಪೂಜೆಯ ಗಂಟೆ ಕ್ರೇನಿನ ಗಂಟೆಯಾಯಿತು. ಆರ್ಮುಗಂ ಬರೀ ಬಾಯಲ್ಲೇ ಹಾಟ್ ಸಾ ಕೂಗಿಸಿದ. ಆ "ಕೀಂ" ಎಂಬ ಕೂಗಿಗೆ ಹೊಸಮನೆ ಬಡಾವಣೆಯ ತನಕ ನಾಯಿಗಳು ಮನೆ ಸೇರಿದವು. ಮೊದಲು ಅಡ್ಡಾದಿಡ್ಡಿ, ಆಮೇಲೆ ಒಂದೇ ಬಡಿತ. ಢಂ, ಢಂ, ಢಕ್ಕ ಢಂ.

ಒಳಗಿಂದ ಕ್ಷೀಣವಾದ ದನಿ ಬಂತು. "ಲೇಟು... ಎರಡ್ನೇ ರೋಲು ಲೇಟಾಗ್ತಿದೆ."

"ಏಯ್, ಎರಡ್ನೇ ರೋಲು! ಸಾಹೇಬ್ರು ಬೈತಿದಾರೆ ನೋಡು!" ಎಂದು ಷಣ್ಮುಖಪ್ಪ ಕೂಗಿದ.

ಎರಡನೆಯ ರೋಲು ತಿದ್ದಿಕೊಂಡಿತು. ದುರ್ಗಮ್ಮ ಬಾಗಿಲಿಗೆ ಬಂದು ಬಾಯಿಗೆ ಸೆರಗು ಹಿಡಿದು ತಲೆಯಾಡಿಸಿದಳು. ಹಿರಿಯಣ್ಣನ ಕಣ್ಣು ಮುಚ್ಚಿತ್ತು.

ಈಗ ನಿಲ್ಲಿಸುವವರು ಯಾರು? ನಿಲ್ಲಿಸಿದರೆ ಎಚ್ಚರವಾಗುತ್ತದೆ. ಎಂದೋ ಮುಚ್ಚಿದ ಮಿಲ್ಲು ಹೀಗೆ ಹಿತ್ತಲಲ್ಲಿ ಮತ್ತೆ ಶುರುವಾಯಿತು. ಕೈ ಸೋತವರನ್ನು ಬಿಡಿಸಲು ಪಕ್ಕದ ಸಾಲಿನವರು ಬಂದರು. ಒಬ್ಬನು ಬಡಿತ ತಪ್ಪಿಸದೆ ಇನ್ನೊಬ್ಬನಿಗೆ ಸುತ್ತಿಗೆ ದಾಟಿಸಿದ. ಪಕ್ಕದ ಮನೆಯ ತಾಯಿಯೊಬ್ಬಳು ಅವರೆಲ್ಲರ ಬಾಯಿಗೆ ಮಜ್ಜಿಗೆ ಹಿಡಿದಳು. ಡ್ರಮ್ಮಿನವನಿಗೆ ತೋಳು ಹಿಡಿದುಕೊಂಡಾಗ ಎದುರಿಗೆ ನಿಂತದ್ದು ಜಯಪ್ಪ. ಡ್ರಮ್ಮಿನವನು ಹಿಂದುಮುಂದು ನೋಡದೆ ಕೋಲನ್ನು ಅವನ ಕೈಗಿಟ್ಟ.

"ಹಿಡೀರಿ. ರಿಲೀವರ್ ಬಂದಿಲ್ಲ."

"ನಾನು ಪೊಲೀಸು ಕಣ್ರೀ!"

"ಇರ್ಲಿ. ಬಡಿತ ತಪ್ಬಾರ್ದು ಅಷ್ಟೇ."

ಜಯಪ್ಪ ಕೀವಾದ ಹೆಬ್ಬೆರಳನ್ನು ಮೇಲೆತ್ತಿ ಹಿಡಿದು ಬಡಿಯತೊಡಗಿದ.

ಹೊತ್ತು ಇಳಿಯಿತು. ಹಾರೆ ಬಿಡದೆ ನಿಂತಿದ್ದ ಷಣ್ಮುಖಪ್ಪನಿಗೆ ಕಿಟಕಿಯಲ್ಲಿ ಹಿರಿಯಣ್ಣನ ಎದೆ ಕಾಣ ಬರುತ್ತಿತ್ತು. ಹೊದ್ದ ಬಿಳಿ ಪಂಚೆ ಏರುವುದೂ ಇಳಿಯುವುದೂ ಕಾಣುತ್ತಿತ್ತು. ಬಿಸಿಲು ಗೋಡೆ ಹತ್ತಿ ಹೋಗುವ ಹೊತ್ತಿಗೆ ಪಂಚೆ ಇಳಿದದ್ದು ಮತ್ತೆ ಏರಲಿಲ್ಲ. ಅವನು ಕಾದ. ಇನ್ನೂ ಕಾದ. ಹಾರೆ ಅವನ ಕೈಯಲ್ಲಿ ಗಾಳಿಯಲ್ಲೇ ನಿಂತಿತು.

ಮಂಚದ ಪಕ್ಕದಲ್ಲಿದ್ದ ದುರ್ಗಮ್ಮ ತಲೆಯೆತ್ತಿದಳು. ಅವಳ ಕೈ ಗಂಡನ ಮೂಗಿನ ಬಳಿಯಿತ್ತು.

"ನಿಲ್ಲಿಸ್ಬೇಡಿ ಷಣ್ಮುಖಣ್ಣ," ಎಂದಳು. "ಇನ್ನೊಂಚೂರು ಹೊತ್ತು ಬಡೀರಿ. ಈಗ ತಾನೇ ಗಾಢ ನಿದ್ದೆ ಹತ್ತಿದೆ."

ಷಣ್ಮುಖಪ್ಪ ಹಾರೆ ಇಳಿಸಿದ. ಢಂ. ಆರ್ಮುಗಂ ಅವನ ಮುಖ ನೋಡಿದ, ಡ್ರಮ್ಮಿನ ಬಳಿಯಿದ್ದ ಜಯಪ್ಪ ಆರ್ಮುಗಂನ ಮುಖ ನೋಡಿದ. ಒಬ್ಬರಿಂದೊಬ್ಬರಿಗೆ ಸಾಲಿನ ತುದಿಯವರೆಗೂ ತಿಳಿದುಹೋಯಿತು. ಯಾರ ಕೈಯೂ ತಪ್ಪಲಿಲ್ಲ.

ಜಯಪ್ಪನ ಸೊಂಟದಲ್ಲಿದ್ದ ಮೊಬೈಲು ಬಡಿದುಕೊಂಡಿತು. ಅವನು ಎಡಗೈಯಲ್ಲಿ ಅದನ್ನು ಕಿವಿಗಿಟ್ಟು ಬಲಗೈಯಲ್ಲಿ ಬಡಿಯುತ್ತಲೇ ಇದ್ದ. ಆ ಕಡೆಯಿಂದ ವಿಜಯಕುಮಾರನ ದನಿ ಹಿತ್ತಲಿಗೆಲ್ಲ ಕೇಳಿಸಿತು.

"ಏನ್ರೀ ಅದು ಸದ್ದು? ಪಾರ್ಟಿನಾ? ಎಷ್ಟು ಜನ ಇದಾರೆ? ನಿಲ್ಸಿ ಅಂತ ಹೇಳ್ರೀ!"

ಜಯಪ್ಪ ಕಿಟಕಿಯ ಕಡೆ ನೋಡಿ, ಟವೆಲಿನಲ್ಲಿ ಮುಖ ಒರೆಸಿಕೊಂಡ.

"ಆಗಲ್ಲ ಸಾರ್," ಎಂದ. "ಪಾಳಿ ಇನ್ನೂ ಮುಗ್ದಿಲ್ಲ."